ಅಂಗಳಕ್ಕೆ ಬಂದ ಚಿರತೆ ನಮ್ಮ ಮೇಲೂ ಬೀಳುತ್ತಾ?

ಪ್ರಶ್ನೆ: ಕಳೆದ ವಾರ ರಾತ್ರಿ ನಮ್ಮ ಜಗಲಿಯಲ್ಲಿ ಮಲಗಿದ್ದ ನಾಯಿಯನ್ನು ಚಿರತೆ ಹೊತ್ತೊಯ್ದಿದೆ. ಮಗಳು ಬೆಳಿಗ್ಗೆ ಬೆಟ್ಟದ ದಾರಿಯಲ್ಲಿ ನಡೆದು ಬಸ್ಸಿಗೆ ಹೋಗುತ್ತಾಳೆ. ಊರವರು ಬೋನು ಇಡಿಸಿ ಅಂತಾರೆ, ಅತ್ತೆಯವರು ಮಾತ್ರ ನಾವು ಪೂಜಿಸುವ ಹುಲಿದೇವರು ಹುಲಿಯಪ್ಪ ನಮಗೇನೂ ಮಾಡೋದಿಲ್ಲ ಅಂತಾರೆ. ಯಾರ ಮಾತು ಕೇಳಬೇಕು?
– ಓದುಗರು, ಶಿರಸಿ ತಾಲೂಕು

ಉತ್ತರ: ಮೊದಲು ಮಗಳ ವಿಷಯ. ನಸುಕಿನಲ್ಲಿ ಅವಳನ್ನು ಒಬ್ಬಳೇ ಕಳಿಸಬೇಡಿ. ಚಿರತೆ ಮನುಷ್ಯರ ಮೇಲೆ ಬೀಳುವುದು ಅಪರೂಪ, ಬೆಟ್ಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರಲು ಹೋಗುವವರನ್ನು ಅದು ಎಷ್ಟೋ ಸಲ ನೋಡಿ ಸುಮ್ನೆ ಪಕ್ಕಕ್ಕೆ ಸರಿದಿರುತ್ತದೆ, ಅವರಿಗೆ ಗೊತ್ತೂ ಆಗಿರುವುದಿಲ್ಲ. ಆದರೆ ಇಲ್ಲವೇ ಇಲ್ಲ ಅಂತಲ್ಲ. 2022ರ ಕೊನೆಯಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲೂಕಿನಲ್ಲಿ ಚಿರತೆ ದಾಳಿಗೆ ಜನ ಸತ್ತರು. ಒಂಟಿ ಮಕ್ಕಳು, ಬಗ್ಗಿ ಕೂತವರು, ಕತ್ತಲಲ್ಲಿ ಹೊರಗೆ ಹೋಗುವವರು ಜಾಸ್ತಿ ಎಚ್ಚರದಿಂದಿರಬೇಕು.

ಅತ್ತೆಯವರ ನಂಬಿಕೆ ದೊಡ್ಡದು, ಅದನ್ನು ಬಿಡಿಸಬೇಡಿ. ದೀಪಾವಳಿಗೆ ಹುಲಿಯಪ್ಪನಿಗೆ ಕಾಯಿ ಒಡೆಯುತ್ತಿದ್ದ ಹಿರಿಯರು ರಾತ್ರಿ ಕೊಟ್ಟಿಗೆ ಬಾಗಿಲನ್ನೂ ಹಾಕುತ್ತಿದ್ದರು, ಅಲ್ವಾ? ಚಿರತೆಗೆ ನಾಯಿ ಸುಲಭದ ಊಟ. ಹೊಸ ನಾಯಿ ತಂದು ಅದೇ ಜಗಲಿಯಲ್ಲಿ ಕಟ್ಟಿದರೆ ಮತ್ತೆ ಬರುತ್ತದೆ. ನಾಯಿ, ಕರು ರಾತ್ರಿ ಒಳಗಿರಲಿ. ಕೊಟ್ಟಿಗೆಯ ಮೇಲ್ಭಾಗದಲ್ಲೂ ಸಂದಿ ಬಿಡಬೇಡಿ, ಅದು ಮರ ಹತ್ತುವ ಪ್ರಾಣಿ. ಮೀನು, ಕೋಳಿಯ ಕಸ ಮನೆ ಹತ್ತಿರ ಎಸೆದರೆ ಬೀದಿ ನಾಯಿ ಸೇರುತ್ತವೆ, ಅವುಗಳ ಹಿಂದೆ ಚಿರತೆ.

ಬೋನಿನ ವಿಷಯದಲ್ಲಿ ಮಾತ್ರ ನಾನು ಊರವರ ಜೊತೆ ಇಲ್ಲ. ಮಹಾರಾಷ್ಟ್ರದ ಜುನ್ನರ್ ಕಡೆ 2001ರಿಂದ ಚಿರತೆಗಳನ್ನು ಹಿಡಿದು ಬೇರೆ ಕಾಡಿಗೆ ಬಿಡತೊಡಗಿದರು. ಆಮೇಲೆ ಜನರ ಮೇಲಿನ ದಾಳಿ ಕಡಿಮೆಯಾಗಲಿಲ್ಲ, ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೆ ಏರಿತು. ಗುರುತಿಲ್ಲದ ಜಾಗಕ್ಕೆ ಬಿಟ್ಟ ಪ್ರಾಣಿ ದಿಕ್ಕು ತಪ್ಪಿ ಅಲೆಯುತ್ತದೆ, ಇತ್ತ ಖಾಲಿಯಾದ ಜಾಗಕ್ಕೆ ಇನ್ನೊಂದು ಬಂದು ಸೇರುತ್ತದೆ. ಮನುಷ್ಯರ ಮೇಲೇ ಬಿದ್ದಿದ್ದರೆ ಮಾತು ಬೇರೆ, ಆಗ ಹಿಡಿಯಲೇಬೇಕು. ನಾಯಿ ಹಿಡಿದ ತಪ್ಪಿಗೆ ಬೋನು ಬೇಡ.

ಎದುರಾದರೆ ಓಡಬೇಡಿ. ಕೈ ಎತ್ತಿ ಜೋರಾಗಿ ಕೂಗುತ್ತಾ, ಬೆನ್ನು ತೋರಿಸದೆ ನಿಧಾನ ಹಿಂದೆ ಸರಿಯಿರಿ. ನನಗೆ ಜಾಸ್ತಿ ಭಯ ಇರುವುದು ಇನ್ನೊಂದು ಕಡೆ: ಬಾವಿಗೋ ಮನೆಯೊಳಗೋ ಸಿಕ್ಕಿಬಿದ್ದ ಚಿರತೆಯನ್ನು ಊರೆಲ್ಲ ಸುತ್ತುವರಿದು ಮೊಬೈಲ್ ಹಿಡಿದು ನಿಲ್ಲುವುದು. ತಪ್ಪಿಸಿಕೊಳ್ಳಲು ದಾರಿ ಇಲ್ಲದಾಗ ಅದು ಎದುರಿಗಿದ್ದವರ ಮೇಲೆ ಹಾರುತ್ತದೆ. ಅಂಥ ಹೊತ್ತಲ್ಲಿ ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.