800 ಮೀಟರ್ ಟೈಮಿಂಗ್ ಮೊದಲೇ ಹೇಳೋದು ಹೇಗೆ?

ಪ್ರಶ್ನೆ: ಸರ್, ನಾನು ಮಂಡ್ಯದಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಕಾಲೇಜು ಸ್ಪೋರ್ಟ್ಸ್‌ನಲ್ಲಿ 400 ಮೀಟರ್ 54 ಸೆಕೆಂಡಿಗೆ ಓಡಿದೆ. 5000 ಮೀಟರ್ ಒಂದೇ ಒಂದು ಸಲ ಓಡಿದ್ದು, 19 ನಿಮಿಷ ಆಯ್ತು. ಮುಂದಿನ ತಿಂಗಳು 800ಕ್ಕೆ ಹೆಸರು ಕೊಟ್ಟಿದ್ದೇನೆ. ಫೋನಿನ ಆ್ಯಪ್‌ನಲ್ಲಿ 400ರ ಟೈಮಿಂಗ್ ಹಾಕಿದರೆ 800ಕ್ಕೆ 1:53 ಅನ್ನುತ್ತದೆ. 5000ದ್ದು ಹಾಕಿದರೆ 2:43 ಅನ್ನುತ್ತದೆ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಬೇಡಿ. ಆದರೆ ಎರಡನ್ನೂ ಬರೆದಿಟ್ಟುಕೊಳ್ಳಿ, ಆಮೇಲೆ ಕೆಲಸಕ್ಕೆ ಬರುತ್ತವೆ.

ನಿಮ್ಮ ಆ್ಯಪ್ ಬಳಸಿರುವ ಲೆಕ್ಕ ಪೀಟರ್ ರೀಗಲ್ ಎಂಬ ಅಮೆರಿಕದ ಎಂಜಿನಿಯರ್ 1977ರಲ್ಲಿ ಕೊಟ್ಟದ್ದು. ದೂರ ದುಪ್ಪಟ್ಟಾದರೆ ಸಮಯ ದುಪ್ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ, ಸುಮಾರು 2.085 ಪಟ್ಟು. ಅಷ್ಟೇ ಸೂತ್ರ. ನಿಮ್ಮ 54ನ್ನು 2.085ರಿಂದ ಗುಣಿಸಿ ನೋಡಿ, ಅದೇ 1:53 ಬರುತ್ತದೆ. ತಪ್ಪು ರೀಗಲ್ ಅವರದ್ದಲ್ಲ. ಸುಮಾರು ಮೂರೂವರೆ ನಿಮಿಷದಿಂದ 230 ನಿಮಿಷದವರೆಗಿನ ಓಟಕ್ಕೆ ಮಾತ್ರ ಇದು ಹೊಂದುತ್ತದೆ ಅಂತ ಅವರೇ ಹೇಳಿದ್ದರು. 400 ಮತ್ತು 800 ಎರಡೂ ಆ ಗೆರೆಯ ಆಚೆಗಿವೆ. ಆ್ಯಪ್ ಮಾಡಿದವರು ಆ ಮಾತನ್ನು ಬಿಟ್ಟು ಸೂತ್ರವನ್ನು ಮಾತ್ರ ತೆಗೆದುಕೊಂಡಿದ್ದಾರೆ.

ಯಾಕೆ ಹೊಂದುವುದಿಲ್ಲ ಅಂದರೆ, 400 ಓಡುವಾಗ ದೇಹಕ್ಕೆ ಬೇಕಾದ ಶಕ್ತಿಯಲ್ಲಿ ಉಸಿರಿನ ಆಮ್ಲಜನಕದಿಂದ ಬರುವುದು ಅರ್ಧಕ್ಕಿಂತ ಕಡಿಮೆ. 800ಕ್ಕೆ ಬಂದರೆ ಅದು ಸುಮಾರು ಮೂರರಲ್ಲಿ ಎರಡು ಪಾಲು, 1500ಕ್ಕೆ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು. ಅಂದರೆ ನೀವು ಒಂದೇ ಕೆಲಸವನ್ನು ಎರಡು ಸಲ ಮಾಡುತ್ತಿಲ್ಲ, ಅರ್ಧ ಬೇರೆಯೇ ಕೆಲಸ ಮಾಡುತ್ತಿದ್ದೀರಿ. 550 ಮೀಟರ್ ದಾಟಿದ ಮೇಲೆ ತೊಡೆ ಕಲ್ಲಿನ ಹಾಗೆ ಆಗುತ್ತದಲ್ಲ, ಅದನ್ನು ಯಾವ ಸೂತ್ರವೂ ನಿಮ್ಮ 400ರ ಟೈಮಿಂಗ್‌ನಲ್ಲಿ ಕಾಣಲಾರದು.

ಇನ್ನೊಂದು ಲೆಕ್ಕ ಮಾಡಿ ನೋಡಿ, ನನಗಂತೂ ಬಹಳ ಇಷ್ಟವಾದ ಲೆಕ್ಕ. ನಮ್ಮ ಜಿನ್ಸನ್ ಜಾನ್ಸನ್ 2018ರಲ್ಲಿ 800 ಮೀಟರನ್ನು 1:45.65ಕ್ಕೆ ಓಡಿ, ಶ್ರೀರಾಮ್ ಸಿಂಗ್ ಅವರ 1976ರ ರಾಷ್ಟ್ರೀಯ ದಾಖಲೆಯನ್ನು 42 ವರ್ಷಗಳ ನಂತರ ಮುರಿದರು. ಅದನ್ನೇ ಸೂತ್ರಕ್ಕೆ ಹಾಕಿ 1500ಕ್ಕೆ ಎಷ್ಟು ಅಂತ ಕೇಳಿದರೆ 3:25.7 ಬರುತ್ತದೆ. ಮೊರಾಕೊದ ಎಲ್ ಗೆರೂಜ್ 1998ರಲ್ಲಿ ಮಾಡಿದ ವಿಶ್ವದಾಖಲೆಯೇ 3:26.00! ಜಾನ್ಸನ್ 2019ರಲ್ಲಿ ನಿಜವಾಗಿ ಓಡಿದ್ದು 3:35.24. ಅದೂ ಅದ್ಭುತ ಓಟವೇ, ಆದರೆ ಸೂತ್ರಕ್ಕಿಂತ ಒಂಬತ್ತೂವರೆ ಸೆಕೆಂಡ್ ಹೆಚ್ಚು.

ಹಾಗಾದರೆ ಏನು ಮಾಡಬೇಕು? ನಾವು ಓಡುವವರು ಹಿಂದಿನಿಂದ ಬಳಸುವ ಸರಳ ದಾರಿ ಅಂದರೆ 400ರ ಟೈಮಿಂಗನ್ನು ಎರಡರಿಂದ ಗುಣಿಸಿ, ಅದಕ್ಕೆ ಒಂದಷ್ಟು ಸೆಕೆಂಡ್ ಸೇರಿಸುವುದು. ಎಷ್ಟು ಸೇರಿಸಬೇಕು ಅನ್ನುವುದರಲ್ಲೇ ಇರುವುದು ಎಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕ್ಯೂಬಾದ ಹುವಾಂಟೊರೆನಾ 400 ಗೆದ್ದಿದ್ದು 44.26ಕ್ಕೆ, 800 ಗೆದ್ದಿದ್ದು 1:43.50ಕ್ಕೆ. ದುಪ್ಪಟ್ಟಿಗೆ 15 ಸೆಕೆಂಡ್ ಸೇರಿಸಿದ ಹಾಗಾಯಿತು. (ಆ ಫೈನಲ್‌ನಲ್ಲಿ ಮೊದಲ ಸುತ್ತು ಮುಂದೆ ಇದ್ದವರು ನಮ್ಮ ಶ್ರೀರಾಮ್ ಸಿಂಗ್, ಮೇಲೆ ಹೇಳಿದ ಅವರ ರಾಷ್ಟ್ರೀಯ ದಾಖಲೆ 1:45.77 ಅಲ್ಲೇ ಬಂದದ್ದು.) ಇಂಗ್ಲೆಂಡಿನ ಸೆಬಾಸ್ಟಿಯನ್ ಕೋ ನೋಡಿ, 400ರಲ್ಲಿ 46.87, ಎರಡೂವರೆ ಸೆಕೆಂಡಿಗೂ ಜಾಸ್ತಿ ನಿಧಾನ. ಆದರೆ 800ರಲ್ಲಿ 1:41.73. ಸೇರಿದ್ದು ಬರೀ 8 ಸೆಕೆಂಡ್. ಒಬ್ಬರದು ಸ್ಪೀಡ್, ಇನ್ನೊಬ್ಬರದು ದಮ್ಮು.

ನಿಮ್ಮ ವಿಷಯಕ್ಕೆ ಬರೋಣ. 54ರ ದುಪ್ಪಟ್ಟು 108. ನಿಮಗೆ ಸ್ಪೀಡ್ ಇದೆ, ದಮ್ಮು ಇನ್ನೂ ಕಟ್ಟಿಲ್ಲ, 19 ನಿಮಿಷದ 5000 ಅದನ್ನೇ ಹೇಳುತ್ತಿದೆ. ನಾನಾದರೆ 18ರಿಂದ 22 ಸೆಕೆಂಡ್ ಸೇರಿಸುತ್ತೇನೆ. ಅಂದರೆ 2:06ರಿಂದ 2:10. ಆ್ಯಪ್ ಕೊಟ್ಟ 1:53ಕ್ಕೂ 2:43ಕ್ಕೂ ನಡುವೆ 50 ಸೆಕೆಂಡ್ ಅಂತರ ಇದೆ ಅಲ್ವಾ, ಅದನ್ನು ಬರೆದಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ. ಎರಡು ಮೂರು ತಿಂಗಳು ಬೆಳಿಗ್ಗೆ ವಿ.ಸಿ. ನಾಲೆ ಏರಿ ಮೇಲೆ 40 ನಿಮಿಷ ನಿಧಾನವಾಗಿ ಓಡಿ, ಆಮೇಲೆ 400, 5000 ಎರಡನ್ನೂ ಇನ್ನೊಮ್ಮೆ ಓಡಿ ಮತ್ತೆ ಲೆಕ್ಕ ಹಾಕಿ. ಅಂತರ ಕಡಿಮೆಯಾಗಿದ್ದರೆ, 400 ಕೆಡದೇ ಇದ್ದರೆ, ನಿಮ್ಮ 800 ಇಳಿದೇ ಇಳಿಯುತ್ತದೆ.

ಓಟಕ್ಕೆ ಹತ್ತು ದಿನ ಮುಂಚೆ 600 ಮೀಟರ್ ಜೋರಾಗಿ ಒಂದು ಸಲ ಓಡಿ. ಎಲ್ಲಕ್ಕಿಂತ ಸತ್ಯ ಹೇಳುವುದು ಅದು. 1:33 ಬಂದರೆ ಕೊನೆಯ 200ಕ್ಕೆ 34 ಸೆಕೆಂಡ್ ಇಟ್ಟುಕೊಳ್ಳಿ, 2:07. ಮೊದಲ ಸುತ್ತು 62ಕ್ಕಿಂತ ಬೇಗ ಬೇಡ. ಎರಡನೇ ಸುತ್ತು ನಿಧಾನವಾದರೆ ಹೆದರಬೇಡಿ. ಕೆನ್ಯಾದ ರುಡಿಶಾ 2012ರಲ್ಲಿ ಲಂಡನ್‌ನಲ್ಲಿ 1:40.91ರ ವಿಶ್ವದಾಖಲೆ ಮಾಡಿದಾಗಲೂ ಮೊದಲ ಸುತ್ತು 49.28, ಎರಡನೆಯದು 51.63.

ಪ್ರಶ್ನೆ: ನನ್ನ ಮಗಳು ಮೈಸೂರಿನಲ್ಲಿ 9ನೇ ತರಗತಿ. 3000 ಮೀಟರ್ 11:30ಕ್ಕೆ ಓಡುತ್ತಾಳೆ. ದಸರಾ ಕ್ರೀಡಾಕೂಟ ನೋಡಿದ ಮೇಲೆ 1500 ಓಡಬೇಕು ಅಂತ ಹಟ ಹಿಡಿದಿದ್ದಾಳೆ. ಎಷ್ಟು ಟೈಮಿಂಗ್ ನಿರೀಕ್ಷಿಸಬಹುದು?

ಉತ್ತರ: ಖಂಡಿತ ಓಡಿಸಿ ಅಮ್ಮ. ಇಲ್ಲಿ ಆ ಸೂತ್ರವೇ ಸಾಕು, ಎರಡೂ ಓಟ ಅದರ ಗೆರೆಯ ಒಳಗಿವೆ, ದೂರಗಳೂ ಹತ್ತಿರದವು. ಸುಮಾರು 5:31 ಬರುತ್ತದೆ. ಚುರುಕು ಕಾಲಿನ ಹುಡುಗಿಯಾದರೆ ಇನ್ನೂ ಕಡಿಮೆ. 1500ರಲ್ಲಿ ಮೊದಲು 300 ಮೀಟರ್, ಆಮೇಲೆ ಮೂರು ಪೂರ್ತಿ ಸುತ್ತು. 300 ಮುಗಿದಾಗ 66 ಸೆಕೆಂಡ್, ಅಲ್ಲಿಂದ ಸುತ್ತಿಗೆ 88 ಸೆಕೆಂಡ್, ಇಷ್ಟು ಅವಳಿಗೆ ಗೊತ್ತಿದ್ದರೆ ಸಾಕು. ಒಂದು ಮಾತು, ಈ ವಯಸ್ಸಿನಲ್ಲಿ ಮಕ್ಕಳು ನೋಡುನೋಡುತ್ತಲೇ ಬೆಳೆಯುತ್ತಾರೆ. ಎರಡು ತಿಂಗಳಿಗಿಂತ ಹಳೆಯ ಟೈಮಿಂಗ್ ಇಟ್ಟುಕೊಂಡು ಲೆಕ್ಕ ಹಾಕಬೇಡಿ, ಸುಮ್ನೆ ಮಗುವಿಗೆ ಬೇಜಾರು.

ಪ್ರಶ್ನೆ: ಕುಕ್ಕರಹಳ್ಳಿ ಕೆರೆ ಸುತ್ತ ಓಡಿದ ಟೈಮಿಂಗ್ ಹಾಕಿ 1500 ಲೆಕ್ಕ ಹಾಕಬಹುದಾ?

ಉತ್ತರ: ಬೇಡ. ಅದು ಮಣ್ಣಿನ ದಾರಿ, ತಿರುವುಗಳು ಜಾಸ್ತಿ, ವಾಕಿಂಗ್ ಬರುವ ಹಿರಿಯರಿಗೆ ದಾರಿ ಬಿಡಬೇಕು. ಮರದ ಕೆಳಗೆ ಫೋನ್ ಅಳೆಯುವ ದೂರವೂ ಹೆಚ್ಚುಕಮ್ಮಿ. ದಮ್ಮು ಕಟ್ಟುವುದಕ್ಕೆ ಕೆರೆ ಏರಿಯಂಥ ಜಾಗ ಇಲ್ಲ, ವಾರಕ್ಕೆ ಮೂರು ದಿನ ಅಲ್ಲೇ ಓಡಿ. ಲೆಕ್ಕಕ್ಕೆ ಬೇಕಾದ ಓಟವನ್ನು ಮಾತ್ರ ಚಾಮುಂಡಿ ವಿಹಾರದ ಟ್ರ್ಯಾಕ್‌ನಲ್ಲಿ, ಒಂದನೇ ಲೇನ್‌ನಲ್ಲಿ ಓಡಿ, ಸ್ಟಾಪ್‌ವಾಚ್ ಬೇರೆಯವರ ಕೈಗೆ ಕೊಡಿ.