ಕೋರಿಯ ಕೈಗೆ ಮೊಬೈಲ್ ಕೊಡಬೇಡಿ

1950–60ರ ದಶಕದ ಬ್ರಾಡ್‌ವೇ (ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ) ಪ್ರೇಮ-ಹಾಸ್ಯ ನಾಟಕಕ್ಕೆ ಈಗಿನ ಜನ ನಗುತ್ತಾರಾ, ನೀಲ್ ಸೈಮನ್‌ನ ‘ಬೇರ್‌ಫುಟ್ ಇನ್ ದ ಪಾರ್ಕ್’ ಆಡೋದಾದರೆ ಇವತ್ತಿನ ಕಾಲಕ್ಕೆ ಒಗ್ಗಿಸಿಕೊಂಡರೆ ಹೇಗೆ ಅಂತ ಕೇಳಿದ್ದೀರಿ. ಒಗ್ಗಿಸಲು ಹೋಗಿ ಕೈ ಸುಟ್ಟುಕೊಂಡವನು ನಾನು.

ನ್ಯೂಜೆರ್ಸಿಯ ಒಂದು ಸಣ್ಣ ಸಮುದಾಯ ರಂಗಮಂದಿರ. 90 ಕುರ್ಚಿ, ಎರಡು ವಾರಾಂತ್ಯ, ಆರು ಪ್ರದರ್ಶನ. ನಿರ್ದೇಶನ ನನ್ನದು. ಸಂಭಾಷಣೆ ಮುಟ್ಟಲಿಲ್ಲ, ಆದರೆ ಬ್ರೋಷರ್‌ನಲ್ಲಿ ‘ಕಾಲ: ಇಂದು’ ಅಂತ ಅಚ್ಚು ಹಾಕಿಸಿ, ಎಲ್ಲರಿಗೂ ಜೀನ್ಸ್ ತೊಡಿಸಿ, ಜೇಬಿಗೊಂದು ಮೊಬೈಲ್ ಕೊಟ್ಟೆ. ಮೊದಲ ಶುಕ್ರವಾರ, ಮೂರನೇ ಅಂಕ. ರಾತ್ರಿ ಊಟಕ್ಕೆ ಬಂದಿದ್ದ ಅಮ್ಮ ಮನೆ ಸೇರಿಲ್ಲ ಅಂತ ಮಗಳು ಕೋರಿಗೆ ಗೊತ್ತಾಗುತ್ತದೆ, ಗಾಬರಿ ಏರುತ್ತದೆ. ಮೂರನೇ ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಪಕ್ಕದವಳಿಗೆ ಹೇಳಿದ ಮಾತು ಇಡೀ ಹೌಸಿಗೆ, ಅಂದರೆ ಪ್ರೇಕ್ಷಾಂಗಣಕ್ಕೆ, ಕೇಳಿಸಿತು: ‘ಅಮ್ಮನ ಮೊಬೈಲಿಗೇ ಕಾಲ್ ಮಾಡಬಾರದಾ?’

ಅಲ್ಲಿಗೆ ನಾಟಕ ಮುಗಿಯಿತು. ಪಾತ್ರಧಾರಿಗಳು ಇನ್ನೂ ಇಪ್ಪತ್ತು ನಿಮಿಷ ಓಡಾಡಿದರು, ಅಷ್ಟೇ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಮಾಡಹೊರಟಿರುವುದೂ ಇದನ್ನೇ. ಕಥೆ ಇಷ್ಟು: ಪಾಲ್ ಮತ್ತು ಕೋರಿ ಬ್ರ್ಯಾಟರ್ ಹೊಸದಾಗಿ ಮದುವೆಯಾದವರು, ಪ್ಲಾಝಾ ಹೋಟೆಲಿನಲ್ಲಿ ಆರು ದಿನ ಮಧುಚಂದ್ರ ಮುಗಿಸಿ ಮ್ಯಾನ್‌ಹಟನ್‌ನ 48ನೇ ಬೀದಿಯ ಒಂದು ಹಳೆಯ ಕಟ್ಟಡದ ತುದಿಯ ಮನೆಗೆ ಬರುತ್ತಾರೆ. ಐದು ಮಹಡಿ ಮೆಟ್ಟಿಲು, ಬೀದಿಬಾಗಿಲ ಮುಂದಿನದನ್ನೂ ಲೆಕ್ಕ ಹಿಡಿದರೆ ಆರು. ಲಿಫ್ಟ್ ಇಲ್ಲ. ಸೂರಿನ ಗಾಜಿನಲ್ಲಿ ತೂತು. ಹೀಟರ್ ಕೆಲಸ ಮಾಡಲ್ಲ. ಫೆಬ್ರವರಿ ತಿಂಗಳು. ನಾಟಕ ತೆರೆದುಕೊಳ್ಳುವುದೇ ಫೋನ್ ಕೂರಿಸಲು ಬಂದ ಕಂಪನಿಯವನಿಂದ.

ಆ ಫೋನಿನವನನ್ನು ನಾನು ಇಂಟರ್‌ನೆಟ್ ಹುಡುಗನ ವೇಷದಲ್ಲಿ ಕಳಿಸಿದೆ. ಅವನು ಬಾಯಲ್ಲಿ ಟೆಲಿಫೋನ್ ಅನ್ನುತ್ತಾನೆ, ಕೈಯಲ್ಲಿ ರೌಟರ್. ಅದು ಬರೀ ಹುಳುಕು, ಸಹಿಸಬಹುದಿತ್ತು. ಸಹಿಸಲಾಗದ್ದು ಒಳಗಡೆ ಆದದ್ದು. ಈ ನಾಟಕದಲ್ಲಿ ಯಾರಿಗೂ ಮುಂಚೆ ತಿಳಿಸಿ ಬರುವ ದಾರಿಯಿಲ್ಲ. ಅಮ್ಮ ಹೇಳದೆ ಕೇಳದೆ ಬಾಗಿಲಿಗೆ ಬರುತ್ತಾಳೆ. ಮೇಲಿನ ಅಟ್ಟದ ವಿಚಿತ್ರ ಮನುಷ್ಯ ವೆಲಾಸ್ಕೊ ಇವರ ಮಲಗುವ ಕೋಣೆಯ ಕಿಟಕಿಯಿಂದಲೇ ತನ್ನ ಮನೆ ಹತ್ತುತ್ತಾನೆ. ರಾತ್ರಿ ಎಲ್ಲರೂ ಸ್ಟೇಟನ್ ಐಲ್ಯಾಂಡಿನ ಅಲ್ಬೇನಿಯನ್ ಹೋಟೆಲಿಗೆ ಹೋಗಿ ಬಂದ ಮೇಲೆ ಅಮ್ಮ ಎಲ್ಲಿ ಹೋದಳು ಅಂತ ಬೆಳಗಾದರೂ ತಿಳಿಯುವುದಿಲ್ಲ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟದಿರುವುದೇ ಇಲ್ಲಿನ ಎಂಜಿನ್. ಜೇಬಿಗೆ ಮೊಬೈಲ್ ಹಾಕಿದ ಕ್ಷಣ ಎಂಜಿನ್ ಕಿತ್ತು ಬಾನೆಟ್ ಮಾತ್ರ ಉಳಿಸಿದ ಹಾಗೆ. ಪ್ರೇಕ್ಷಕ ಮೊದಲೆರಡು ಅಂಕ ಸುಮ್ಮನಿರುತ್ತಾನೆ. ಅವನಿಗೇನೋ ಸರಿಯಿಲ್ಲ ಅನ್ನಿಸಿರುತ್ತದೆ, ಯಾವುದು ಅಂತ ಗೊತ್ತಿರುವುದಿಲ್ಲ. ನಗು ಅರ್ಧಕ್ಕೇ ನಿಲ್ಲುತ್ತದೆ. ಮೂರನೆಯದರಲ್ಲಿ ಯಾವಳೋ ಹುಡುಗಿ ಅದನ್ನು ಬಾಯಿಬಿಟ್ಟು ಹೇಳುತ್ತಾಳೆ.

ಭಾನುವಾರದ ಆಟ ಮುಗಿದ ರಾತ್ರಿಯೇ ಎಲ್ಲ ವಾಪಸು ತಿರುಗಿಸಿದೆವು. ನಾಲ್ಕು ದಿನದಲ್ಲಿ 1963ರ ಕೋಟು, ಟೋಪಿ, ಕೈಗವಸು, ಒಂದು ಕಪ್ಪು ಡಯಲ್ ಫೋನ್. ಎರಡನೇ ವಾರಾಂತ್ಯ ಅದೇ ಪಾತ್ರಧಾರಿಗಳು, ಅದೇ ಸಂಭಾಷಣೆ. ಇಪ್ಪತ್ತರ ಹರೆಯದವರೇ ಜಾಸ್ತಿ ನಕ್ಕರು. ಡಯಲ್ ತಿರುಗಿಸಿ ಬಿಟ್ಟಾಗ ಅದು ಗರಗರ ಅಂತ ಹಿಂದಕ್ಕೆ ಬರುತ್ತದಲ್ಲ, ಏಳು ಅಂಕಿ ಮುಗಿಯುವಷ್ಟರಲ್ಲಿ ಹತ್ತು ಸೆಕೆಂಡ್. ಆ ಹತ್ತು ಸೆಕೆಂಡ್ ನಟಿಯ ಮುಖ ಪ್ರೇಕ್ಷಕನ ಸ್ವತ್ತು. ಸ್ಪರ್ಶಪರದೆಯ ಮೇಲೆ ಒಮ್ಮೆ ಕುಟ್ಟಿದರೆ ಆ ಮುಖ ಎಲ್ಲಿ ಸಿಗುತ್ತದೆ?

ಆದ್ದರಿಂದ ‘ಹಳೆಯದಾಯಿತೇ’ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪ್ರೇಮಿಗಳ ನಡುವಿನ ಅಡ್ಡಿ ಯಾವುದು ಅಂತ ಕೇಳಿ. ಅಡ್ಡಿ ಮೆಟ್ಟಿಲು, ಬಾಗಿಲು, ಚಳಿ, ಸುಳ್ಳು ಇಂಥದ್ದಾದರೆ ನಾಟಕ ಬದುಕಿದೆ. ಅಡ್ಡಿ ಆ ಕಾಲದ ಮರ್ಯಾದೆಯ ನಿಯಮ ಮಾತ್ರ ಆಗಿದ್ದರೆ ಕಷ್ಟ. ಎಫ್. ಹ್ಯೂ ಹರ್ಬರ್ಟ್‌ನ ‘ದ ಮೂನ್ ಈಸ್ ಬ್ಲೂ’ 1951ರಲ್ಲಿ ಶುರುವಾಗಿ 900ಕ್ಕೂ ಹೆಚ್ಚು ಪ್ರದರ್ಶನ ಕಂಡಿತು. 1953ರಲ್ಲಿ ಆಟೊ ಪ್ರೆಮಿಂಜರ್ ಸಿನಿಮಾ ಮಾಡಿದಾಗ, ಕನ್ಯೆ ಎಂಬ ಶಬ್ದವೂ ಸೇರಿದಂತೆ ಅದರ ಮಾತುಕತೆಯಿಂದಾಗಿ ಹಾಲಿವುಡ್‌ನ ನೀತಿಸಂಹಿತೆಯ ಒಪ್ಪಿಗೆ ಮುದ್ರೆ ಸಿಗಲಿಲ್ಲ. ಇವತ್ತು ಆ ಶಬ್ದಕ್ಕೆ ಯಾರೂ ಬೆಚ್ಚುವುದಿಲ್ಲ. ಬೆಚ್ಚದಿದ್ದ ಮೇಲೆ ನಗುವುದೆಲ್ಲಿಂದ? ನನ್ನನ್ನು ಕೇಳಿದರೆ ಅದನ್ನು ಮುಟ್ಟಬೇಡಿ.

ಸೈಮನ್‌ನದೇ ‘ಪ್ಲಾಝಾ ಸ್ವೀಟ್’ (1968) ನೋಡಿ. ಕೊನೆಯ ಅಂಕದಲ್ಲಿ ಮದುಮಗಳು ಬಚ್ಚಲಿನ ಬಾಗಿಲು ಹಾಕಿಕೊಂಡು ಕೂತಿದ್ದಾಳೆ, ಅಪ್ಪ-ಅಮ್ಮ ಹೊರಗೆ. ಬಾಗಿಲು ತೆರೆಯುತ್ತಿಲ್ಲ. ಇದಕ್ಕೆ ಯಾವ ಕಾಲ? 2022ರಲ್ಲಿ ಮ್ಯಾಥ್ಯೂ ಬ್ರಾಡರಿಕ್, ಸಾರಾ ಜೆಸಿಕಾ ಪಾರ್ಕರ್ ಅದನ್ನು ಬ್ರಾಡ್‌ವೇಯಲ್ಲಿ ಆಡಿದಾಗ ಜನ ಮುಗಿಬಿದ್ದರು. ತಾರೆಯರ ಹೆಸರಿನ ಸೆಳೆತ ದೊಡ್ಡದಿತ್ತು, ಇಲ್ಲವೆನ್ನುವುದಿಲ್ಲ. ‘ಕ್ಯಾಕ್ಟಸ್ ಫ್ಲವರ್’ (1965) ಹಲ್ಲಿನ ಡಾಕ್ಟರೊಬ್ಬ ತನಗೆ ಮದುವೆಯಾಗಿದೆ ಅಂತ ಪ್ರೇಯಸಿಗೆ ಹೇಳಿದ ಸುಳ್ಳಿನ ಮೇಲೆ ನಿಂತಿದೆ. ಸುಳ್ಳಿಗೆ ವಯಸ್ಸಾಗುವುದಿಲ್ಲ, 2005ರಲ್ಲಿ ಅದು ಹಿಂದಿಯಲ್ಲಿ ‘ಮೈನೆ ಪ್ಯಾರ್ ಕ್ಯೂಂ ಕಿಯಾ’ ಆಯಿತು. ಗಾರ್ಸನ್ ಕ್ಯಾನಿನ್‌ನ ‘ಬಾರ್ನ್ ಯೆಸ್ಟರ್‌ಡೇ’ (1946) ಅಂತೂ ಎಲ್ಲಕ್ಕಿಂತ ಗಟ್ಟಿ. ಅದರ ಜಿನ್ ರಮ್ಮಿ ದೃಶ್ಯದಲ್ಲಿ ಮಾತೇ ಇಲ್ಲದಷ್ಟು ಕಡಿಮೆ. ಪೆದ್ದಿ ಅನ್ನಿಸಿಕೊಂಡ ಬಿಲ್ಲಿ ಎಲೆ ಜೋಡಿಸುತ್ತ ಕೂತು ಧಾಂಡಿಗ ಹ್ಯಾರಿಯನ್ನು ಆಟದ ಮೇಲೆ ಆಟ ಸೋಲಿಸುತ್ತಾಳೆ. ಆ ಇಸ್ಪೀಟಾಟವನ್ನು ತಾಲೀಮಿನಲ್ಲಿ ನಿಜವಾಗಿ ಆಡಿಸಿ, ಎಲೆಗಳ ಕ್ರಮ ಗುರುತು ಹಾಕಿಕೊಳ್ಳದಿದ್ದರೆ ಕೈ ತಡವರಿಸಿ ದೃಶ್ಯ ನೆಲಕಚ್ಚುತ್ತದೆ.

‘ಬೇರ್‌ಫುಟ್’ಗೆ ಒಂದು ಕೆಟ್ಟ ಉದಾಹರಣೆಯೂ ಇದೆ, ನಿಮ್ಮ ತಂಡದಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. 1963ರ ಅಕ್ಟೋಬರ್‌ನಲ್ಲಿ ಮೈಕ್ ನಿಕೋಲ್ಸ್ ನಿರ್ದೇಶನದಲ್ಲಿ, ರಾಬರ್ಟ್ ರೆಡ್‌ಫೋರ್ಡ್ ಮತ್ತು ಎಲಿಜಬೆತ್ ಆಶ್ಲಿ ಜೋಡಿಯಲ್ಲಿ ತೆರೆದ ನಾಟಕ 1,530 ಪ್ರದರ್ಶನ ನಡೆಯಿತು. 2006ರ ಮರುಪ್ರಯೋಗ 109ಕ್ಕೆ ನಿಂತಿತು. ಇದರಿಂದ ಕಾಲ ಮುಗಿಯಿತು ಅಂತ ತೀರ್ಪು ಕೊಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ದೊಡ್ಡ ರಂಗಮಂದಿರ, ದುಬಾರಿ ಟಿಕೆಟ್ಟಿನ ಗಣಿತ ಬೇರೆ, 90 ಕುರ್ಚಿಯ ಗಣಿತ ಬೇರೆ.

ಇನ್ನು ಕೆಲಸದ ಮಾತು. ಮೊದಲನೆಯದು ಉಸಿರು. ಈ ನಾಟಕದಲ್ಲಿ ಅರ್ಧ ನಗು ಏದುಸಿರಿನದು. ಫೋನಿನವನು, ಸಾಮಾನು ತಂದವನು, ಪಾಲ್, ಅಮ್ಮ, ಎಲ್ಲರೂ ಮೆಟ್ಟಿಲು ಹತ್ತಿಯೇ ಬರಬೇಕು. ನಟರು ಎದೆಯಿಂದ ಸುಳ್ಳು ಏದುಸಿರು ತೆಗೆದರೆ ಎರಡನೇ ನಿಮಿಷಕ್ಕೆ ತಲೆ ಸುತ್ತುತ್ತದೆ, ಗಂಟಲು ಒಣಗುತ್ತದೆ, ಮಾತು ನುಂಗಿಹೋಗುತ್ತದೆ. ವಿಂಗಿನಲ್ಲಿ (ರಂಗದ ಪಕ್ಕದ ಮರೆಯಲ್ಲಿ) ಎರಡು ಮೆಟ್ಟಿಲಿನ ಒಂದು ಪೆಟ್ಟಿಗೆ ಇಟ್ಟು, ಪ್ರವೇಶಕ್ಕೆ ಮುಂಚೆ 40 ಸೆಕೆಂಡ್ ಹತ್ತಿಳಿಸಿ. ನಿಜವಾದ ಉಸಿರು ಸಿಗುತ್ತದೆ, ಅದು ತಾನಾಗಿಯೇ ಇಳಿಯುತ್ತದೆ ಕೂಡ. ಪೆಟ್ಟಿಗೆಗೆ ಕಾರ್ಪೆಟ್ ಹೊಡೆಯಿರಿ, ಇಲ್ಲದಿದ್ದರೆ ದಡದಡ ಹೌಸಿಗೆ ಕೇಳುತ್ತದೆ. ಎಲ್ಲರೂ ಒಂದೇ ಥರ ಏದಬಾರದು: ಫೋನಿನವನಿಗೆ ಮಾತು ಬರುತ್ತದೆ, ವಾಕ್ಯದ ನಡುವೆ ತುಂಡಾಗುತ್ತದೆ, ಸಾಮಾನಿನವನಿಗೆ ಮಾತೇ ಬರುವುದಿಲ್ಲ, ಅಮ್ಮನಿಗೆ ಉಸಿರಿಲ್ಲ, ಆದರೆ ಮಾನ ಬಿಡಲಾರಳು. ಕೋರಿ ಒಬ್ಬಳಿಗೇ ಮೆಟ್ಟಿಲು ಲೆಕ್ಕಕ್ಕಿಲ್ಲ. ಅವಳು ಯಾರೆಂದು ಅಷ್ಟರಲ್ಲೇ ತಿಳಿಯುತ್ತದೆ.

ಮೊದಲ ಅಂಕದಲ್ಲಿ ಮನೆ ಖಾಲಿ, ಎರಡನೆಯದರಲ್ಲಿ ಸಾಮಾನು ತುಂಬಿರಬೇಕು. ಆದ್ದರಿಂದ ದೊಡ್ಡ ವಿರಾಮ ಅಲ್ಲೇ ಇಡಿ, ಉತ್ತರಾರ್ಧ ಉದ್ದವಾಯಿತು ಅಂತ ಹೆದರಬೇಡಿ. ನಾಲ್ಕು ಜನ, 15 ನಿಮಿಷ, ನೆಲದ ಮೇಲೆ ಮೇಜು-ಕುರ್ಚಿಯ ಪ್ರತಿ ಕಾಲಿಗೂ ಟೇಪಿನ ಗುರುತು. ಸೂರಿನ ತೂತಿನಿಂದ ಪಾಲ್‌ನ ಮೇಲೆ ಹಿಮ ಬೀಳಬೇಕಲ್ಲ, ಅದಕ್ಕೆ ಒಂದು ಹಿಡಿ ಕಾಗದದ ಚೂರು ಧಾರಾಳ. ನಾವು ಮೊದಲು ಪ್ಲಾಸ್ಟಿಕ್ ಚೂರು ಸುರಿಸಿ, ಎರಡನೇ ಅಂಕದಲ್ಲಿ ವೆಲಾಸ್ಕೊ ಅದರ ಮೇಲೆ ಜಾರಿ ಸೋಫಾ ಹಿಡಿದು ಉಳಿದುಕೊಂಡ. ಜನ ಅದಕ್ಕೂ ನಕ್ಕರು, ಅದು ಬೇರೆ ವಿಷಯ.

ನಗು ಬಿದ್ದಾಗ ಅದು ಏರಿ, ಇಳಿಯಲು ಶುರುವಾದ ಮೇಲೆ, ಇನ್ನೂ ಒಂದಿಷ್ಟು ಉಳಿದಿರುವಾಗಲೇ ಮುಂದಿನ ಮಾತು ಹಿಡಿಯಬೇಕು. ಪೂರ್ತಿ ಆರಲು ಬಿಟ್ಟರೆ ಮತ್ತೆ ಸೊನ್ನೆಯಿಂದ ಕಟ್ಟಬೇಕಾಗುತ್ತದೆ. ನಗುವಿನ ನಡುವೆ ಯಾರೂ ಕದಲಬಾರದು. ಬಾರದ ನಗುವಿಗೆ ಕಾಯುತ್ತ ನಿಲ್ಲುವುದು ಇನ್ನೂ ಕೆಟ್ಟದ್ದು. ಅರ್ಧ ಖಾಲಿ ಹೌಸಿನ ದಿನ ಈ ಕಾಯುವಿಕೆಯೇ ಐದಾರು ನಿಮಿಷ ತಿಂದುಹಾಕುತ್ತದೆ.

ಈಗಿನವರಿಗೆ ನಿಜಕ್ಕೂ ಚುಚ್ಚುವ ಜಾಗ ಒಂದಿದೆ. ಕೊನೆಯಲ್ಲಿ ಅಮ್ಮ ಮಗಳಿಗೆ ಬುದ್ಧಿ ಹೇಳುತ್ತಾಳೆ: ಗಂಡನಿಗೋಸ್ಕರ ನಿನ್ನದೊಂದಿಷ್ಟು ಬಿಟ್ಟುಕೊಡು, ಅವನು ದೊಡ್ಡವನು ಅನ್ನಿಸುವಂತೆ ನಡೆದುಕೋ ಅಂತ. ಮೊದಲ ವಾರ ಅಲ್ಲಿ ಹೌಸಿನಿಂದ ಒಂದು ನರಳಿಕೆ ಬಂತು. ನಮ್ಮ ನಟಿ ಆ ಮಾತನ್ನು ದೇವರಕೋಣೆಯ ಉಪದೇಶದ ಹಾಗೆ ಹೇಳುತ್ತಿದ್ದಳು, ಜೀನ್ಸ್ ತೊಟ್ಟ ಇವತ್ತಿನ ತಾಯಿಯ ಬಾಯಲ್ಲಿ ಅದು ಇನ್ನಷ್ಟು ಹುಳಿಯಾಯಿತು. ಆದರೆ ನೋಡಿ, ಈ ತಾಯಿ ಆ ರಾತ್ರಿ ಎಲ್ಲಿದ್ದಳು? ಮೇಲಿನ ಮನೆಯ ವೆಲಾಸ್ಕೊನ ನಿಲುವಂಗಿ ತೊಟ್ಟು ಇಳಿದುಬಂದವಳು. ಎರಡನೇ ವಾರ ನಟಿಗೆ ಹೇಳಿದ್ದು ಒಂದೇ, ಬುದ್ಧಿಮಾತು ಹೇಳುವಾಗ ಹಿಂದಿನ ರಾತ್ರಿ ಮರೆಯಬೇಡ ಅಂತ. ಮಾತು ಅದೇ ಇತ್ತು, ನರಳಿಕೆ ನಗುವಾಯಿತು. ಕತ್ತರಿ ಹಾಕಿದ್ದರೆ ಇದು ಸಿಗುತ್ತಿರಲಿಲ್ಲ.

ಕತ್ತರಿ ಹಾಕುವ ಹಕ್ಕೂ ನಿಮಗಿಲ್ಲ, ಅದು ತಿಳಿದಿರಲಿ. ಪರವಾನಗಿ ಕನ್‌ಕಾರ್ಡ್ ಥಿಯೇಟ್ರಿಕಲ್ಸ್ ಮೂಲಕ ಪಡೆಯಬೇಕು. ಮಾತು ತೆಗೆಯಲು, ಸೇರಿಸಲು, ಕಾಲ-ಸ್ಥಳ ಬದಲಿಸಲು ಮುಂಚಿತ ಲಿಖಿತ ಒಪ್ಪಿಗೆ ಬೇಕು. ನಾನು ಕೇಳದೆ ಬದಲಿಸಿದ್ದು ಕಲೆಯ ದೃಷ್ಟಿಯಿಂದ ಮಾತ್ರವಲ್ಲ, ಕಾಗದದ ಲೆಕ್ಕದಲ್ಲೂ ತಪ್ಪೇ. ಕನ್ನಡಕ್ಕೆ ತರುವ ಯೋಚನೆ ನಿಮ್ಮ ತಂಡಕ್ಕಿದ್ದರೆ ಅನುವಾದಕ್ಕೆ ಪ್ರತ್ಯೇಕ ಅನುಮತಿ ಬೇಕು. ಸಭಾಂಗಣ ಗೊತ್ತುಮಾಡುವ ಮುಂಚೆ ಅದಕ್ಕೆ ಬರೆಯಿರಿ, ಉತ್ತರ ಬರದೆ ಪೋಸ್ಟರ್ ಅಚ್ಚಿಗೆ ಕೊಡಬೇಡಿ.

ಫೋನನ್ನು ಹಳೇ ಸಾಮಾನಿನ ಅಂಗಡಿಯಲ್ಲಿ ಹುಡುಕಿ. ವೆಸ್ಟರ್ನ್ ಎಲೆಕ್ಟ್ರಿಕ್‌ನ 500 ಮಾದರಿ ಆ ಕಾಲಕ್ಕೆ ಸರಿಯಾದದ್ದು. ಆನ್‌ಲೈನಿನಲ್ಲಿ ಸಿಗುವ ಹಗುರ ಪ್ಲಾಸ್ಟಿಕ್ ನಕಲು ಬೇಡ: ಒಂಬತ್ತನ್ನು ತಿರುಗಿಸಿದರೆ ಇಡೀ ಫೋನೇ ಮೇಜಿನ ಮೇಲೆ ತಿರುಗುತ್ತದೆ, ಕೋರಿ ಒಂದು ಕೈಯಲ್ಲಿ ಅದನ್ನು ಅದುಮಿ ಹಿಡಿದುಕೊಂಡೇ ಅಳಬೇಕಾಗುತ್ತದೆ.