ಅಮೆರಿಕದ ಶುಗರ್ ತಡೆ ಪ್ರೋಗ್ರಾಂನ ಬೆಂಗಳೂರಿನ ಏರಿಯಾಗೆ ಹೊಂದಿಸ್ಬೇಕು, ಡಯಟ್ ಚಾರ್ಟಲ್ಲಿ ಏನೇನು ಬದಲಾಯಿಸ್ಬೇಕು? ಕನ್ನಡಕ್ಕೆ ಅನುವಾದ ಮಾಡಿದ್ರೆ ಸಾಕಾ?

ಇದೇ ಪ್ರಶ್ನೆ ಹಿಡ್ಕೊಂಡು 2018ರಲ್ಲಿ ನಾನೂ ಓಡಾಡ್ತಿದ್ದೆ. ನಿಮ್ಮ ಹಾಗೇ ಸಂಸ್ಥೆ ಕೆಲಸ, ಕೈಯಲ್ಲಿ ಇಂಗ್ಲಿಷ್ ಮಾಡ್ಯೂಲು (ಆ ಪ್ರೋಗ್ರಾಂನ ಪಾಠದ ಪುಸ್ತಕ), ಲಗ್ಗೆರೆ ಕಡೆ ಒಂದು ಏರಿಯಾ, ಓಟ್ಸ್ ತೆಗೆದು ರಾಗಿ ಹಾಕಿದ್ರೆ ಲೋಕಲ್ ಆಗೋಯ್ತು ಅನ್ನೋ ನಂಬಿಕೆ ಬೇರೆ. ಅದಕ್ಕೇ ಮೊದ್ಲೇ ಹೇಳ್ಬಿಡ್ತೀನಿ, ಡಯಟ್ ಚಾರ್ಟ್ ನಿಮ್ಮ ಸಮಸ್ಯೆನೇ ಅಲ್ಲ. ಅಲ್ಲಿನ ಅಂಗನವಾಡಿ ಟೀಚರ್ ಜೊತೆ ಒಂದು ಮಧ್ಯಾಹ್ನ ಕೂತ್ರೆ ಅವ್ರೇ ಸರಿ ಮಾಡ್ಕೊಡ್ತಾರೆ. ನಾವು ಅದಕ್ಕೆ ಎರಡು ತಿಂಗಳು ಕಳೆದ್ವಿ, ಮುದ್ದೆ ಎಷ್ಟು ದೊಡ್ಡದಿರ್ಬೇಕು ಅಂತ ಫೋಟೋ ಎಲ್ಲಾ ತೆಗೆಸಿದ್ವಿ. ನಮ್ಮ ಕೆಲಸ ಕೆಟ್ಟಿದ್ದು ಚಾರ್ಟಿಂದ ಅಲ್ಲ, ತೂಕದ ಮಷೀನಿಂದ.

ನೀವು ಹೇಳ್ತಿರೋದು 2002ರಲ್ಲಿ ರಿಸಲ್ಟ್ ಬಂದ ಪ್ರೋಗ್ರಾಂ ತಾನೆ? ದೇಹದ ತೂಕದಲ್ಲಿ 7% ಇಳಿಸೋದು, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯೋದು, ಅದ್ರಿಂದ ಶುಗರ್ ಬರೋದು 58% ಕಮ್ಮಿ ಆಯ್ತು ಅಂತ ಎಲ್ರೂ ಹೇಳ್ತಾರೆ. ಅಲ್ಲಿ 16 ಪಾಠಾನೂ ಒಬ್ಬೊಬ್ರನ್ನೇ ಕೂರಿಸ್ಕೊಂಡು ಮಾಡಿದ್ರು ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ. ನಮ್ಮ ಹತ್ರ ಅಷ್ಟು ಜನ ಇರ್ಲಿಲ್ಲ, ಹಾಗಾಗಿ ಮೂವತ್ತು ಚಿಲ್ಲರೆ ಹೆಂಗಸರನ್ನ ಸೇರಿಸಿ ಗುಂಪು ಮಾಡಿದ್ವಿ. ಹೆಚ್ಚಿನೋರು ಪೀಣ್ಯ ಕಡೆ ಗಾರ್ಮೆಂಟ್ಸಿಗೆ ಹೋಗೋರು, ಕೆಲವ್ರು ಮನೆಕೆಲಸದವ್ರು.

ಮೊದಲ ಮೂರು ವಾರ ಮಾಡ್ಯೂಲಲ್ಲಿ ಇದ್ದ ಹಾಗೇ ಬಂದವ್ರ ತೂಕ ನೋಡಿ, ಕಾರ್ಡಲ್ಲಿ ಬರೆದು, "ಈ ವಾರ ಏನ್ ಮಾಡಿದ್ರಿ, ಏನ್ ಆಗ್ಲಿಲ್ಲ" ಅಂತ ಒಬ್ಬೊಬ್ರನ್ನೂ ಎರಡು ನಿಮಿಷ ಕೇಳ್ತಿದ್ವಿ. ನಾಲ್ಕನೇ ವಾರ ಅರ್ಧ ಜನ ಬರ್ಲಿಲ್ಲ. ಯಾಕೆ ಅಂತ ನಮ್ಮ ಫೀಲ್ಡ್ ಹುಡುಗನ್ನ ಕೇಳಿದ್ರೆ, "ಮೇಡಂ, ತೂಕ ಅಂದ್ರೆ ನಮ್ ಹೆಂಗಸರಿಗೆ ಮುಜುಗರ, ಅದೆಲ್ಲಾ ನಮ್ ಕಲ್ಚರಿಗೆ ಆಗಿಬರಲ್ಲ" ಅಂದ. ನಾನು ಒಪ್ಕೊಂಡೆ. ಆವತ್ತೇ ತೂಕ ನೋಡೋದನ್ನ ತೆಗೆಸಿದೆ, ಅದರ ಜೊತೆಗಿದ್ದ ಆ ಎರಡು ನಿಮಿಷದ ಮಾತೂ ಹೋಯ್ತು. ರಿಪೋರ್ಟಲ್ಲಿ ಸ್ಥಳೀಯ ಸಂಸ್ಕೃತಿಗೆ ತಕ್ಕಂತೆ ಬದಲಾವಣೆ ಮಾಡಿದ್ದೀವಿ ಅಂತ ಬರೆದೆ.

ಅದನ್ನ ಸಮರ್ಥಿಸೋಕೆ ನನ್ನ ಹತ್ರ ಒಂದು ಸ್ಟಡಿನೂ ಇತ್ತು. ಚೆನ್ನೈನಲ್ಲಿ ಡಾ. ರಾಮಚಂದ್ರನ್ ಅವ್ರ ತಂಡ ಮಾಡಿದ್ದು, 2006ರಲ್ಲಿ ಬಂತು, 531 ಜನ. ಊಟ ನಡಿಗೆ ಬದಲಾಯಿಸಿದವ್ರಲ್ಲಿ ಶುಗರ್ ಬರೋದು 28.5% ಕಮ್ಮಿ ಆಯ್ತು, ಆದ್ರೆ ತೂಕ ಹೇಳಿಕೊಳ್ಳೋ ಅಷ್ಟೇನೂ ಇಳೀಲಿಲ್ಲ. ನೋಡಿ, ನಮ್ಮೋರಿಗೆ ತೂಕ ಮುಖ್ಯ ಅಲ್ಲ ಅಂತ ಮೀಟಿಂಗಲ್ಲಿ ವಾದ ಮಾಡಿದ್ದು ನಾನೇ. ಅಲ್ಲಿ ಪ್ರತಿಯೊಬ್ರಿಗೂ ತಿಂಗಳು ತಿಂಗಳು ಫೋನ್ ಮಾಡಿ ವಿಚಾರಿಸ್ತಿದ್ರು, 6 ತಿಂಗಳಿಗೊಮ್ಮೆ ಮುಖಾಮುಖಿ ಮಾತಾಡ್ತಿದ್ರು, ಅದನ್ನ ಓದಿದ್ರೂ ಲೆಕ್ಕಕ್ಕೆ ತಗೊಳ್ಲಿಲ್ಲ. ಅಮೆರಿಕದಲ್ಲಿ ಮಷೀನ್ ಹತ್ತಿಸಿ ಕೇಳಿದ್ರು, ಚೆನ್ನೈನಲ್ಲಿ ಫೋನಲ್ಲಿ ಕೇಳಿದ್ರು, ಎರಡು ಕಡೆನೂ ಒಬ್ರು ಇನ್ನೊಬ್ರನ್ನ ಹೆಸರು ಹಿಡಿದು ಕೇಳ್ತಿದ್ರು. ನಾನು ಅದನ್ನೇ ಕಿತ್ತು ಹಾಕಿ ರಾಗಿ ಫೋಟೋ ಉಳಿಸ್ಕೊಂಡೆ.

ತೂಕ ತೆಗೆದ ಮೇಲೆ ಜನ ಮತ್ತೆ ಬಂದ್ರು, ಅದೇ ನನ್ನ ಹಾದಿ ತಪ್ಪಿಸಿದ್ದು. ಹಾಲ್ ತುಂಬ್ತಿತ್ತು, ಪಾಠ ಕೇಳ್ತಿದ್ರು, ಮೊಳಕೆಕಾಳು ಕೋಸಂಬರಿ ತಿಂದು ಹೋಗ್ತಿದ್ರು, ಹಾಜರಿ ನೋಡಿ ನಾವು ಖುಷಿಯಾಗಿದ್ವಿ. ಆರು ತಿಂಗಳಾದ ಮೇಲೆ ಅಳೆದ್ರೆ ಸೊಂಟದ ಸುತ್ತಳತೆ ಅಲ್ಲೇ ಇದೆ, ಕೆಲವರ ಶುಗರ್ ಮೊದಲಿಗಿಂತ ಜಾಸ್ತಿ. ಆ ಸಂಜೆ ರೆಕಾರ್ಡ್ ಬುಕ್ ಮುಂದೆ ಇಟ್ಕೊಂಡು ಕೂತಿದ್ದು ಈಗ್ಲೂ ನೆನಪಿದೆ, ಅವರ ಆರು ತಿಂಗಳ ಭಾನುವಾರಗಳನ್ನ ನಾನು ತಿಂದುಹಾಕಿದ್ದೆ.

ಓವರ್‌ಲಾಕ್ ಮಷೀನಲ್ಲಿ ಕೆಲಸ ಮಾಡೋ ಅಕ್ಕ ಒಬ್ರು ಹೊರಗೆ ಚಪ್ಪಲಿ ಹಾಕ್ಕೊಳ್ತಾ ಹೇಳಿದ್ರು: "ಫ್ಯಾಕ್ಟ್ರಿಲಿ ಸಕ್ಕರೆ ಹಾಕೇ ಟೀ ತರ್ತಾರೆ ಮೇಡಂ, ಸಕ್ಕರೆ ಇಲ್ದೆ ಕುಡೀರಿ ಅಂದ್ರೆ ಎಲ್ಲಿಂದ ತರ್ಲಿ? ಅದಕ್ಕೇ ಆವಾಗ ಅರ್ಧ ಲೋಟ ಮಾಡಿದ್ದೆ. ಆಮೇಲ್ ನೀವು ಕೇಳೋದೇ ಬಿಟ್ರಿ, ನಂಗೂ ಬಿಟ್ಟೋಯ್ತು." ತೂಕ ನೋಡೋಕೆ ನಾಚಿಕೆ ಆಗ್ತಿರ್ಲಿಲ್ವಾ ಅಂದೆ. "ತೂಕ ನೋಡೋಕೇನ್ ನಾಚ್ಕೆ? ಆ ಹುಡುಗ ಎಪ್ಪತ್ತೆಂಟು ಅಂತ ಕೂಗ್ದ, ಎದುರುಗಡೆ ಟೀ ಅಂಗ್ಡಿಲಿ ನಮ್ ಯಜಮಾನ್ರು ಕೂತಿದ್ರು" ಅಂದ್ರು.

ಇಷ್ಟೇ ವಿಷಯ. ಮಷೀನನ್ನ ನಾವು ಬಾಗಿಲ ಹತ್ರ, ರೋಡಿಗೆ ಕಾಣೋ ಹಾಗೆ ಇಟ್ಟಿದ್ವಿ, ಒಬ್ಬ ನಂಬರ್ ಓದೋದು, ಇನ್ನೊಬ್ಬ ಆ ಮೂಲೇಲಿ ಕೂತು ಬರ್ಕೊಳ್ಳೋದು, ಹಾಗಾಗಿ ಕೂಗಲೇಬೇಕಿತ್ತು. ಹತ್ತು ಅಡಿ ಒಳಗೆ ಜರುಗಿಸಿದ್ರೆ ಸಾಕಿತ್ತು. ಕಲ್ಚರ್ ಅನ್ನೋ ಮಾತು ಬಂದ ತಕ್ಷಣ ನಾನು ಮುಂದಿನ ಪ್ರಶ್ನೆ ಕೇಳೋದನ್ನ ನಿಲ್ಲಿಸಿದೆ. ಯಾರಿಗೆ ಮುಜುಗರ, ಎಲ್ಲಿ ನಿಂತಾಗ, ಯಾರು ನೋಡ್ತಿದ್ರು ಅಂತ ಆ ಹೆಂಗಸರಲ್ಲಿ ಒಬ್ರನ್ನಾದ್ರೂ ನಾನೇ ಹೋಗಿ ಕೇಳ್ಬೇಕಿತ್ತು, ಆ ಹುಡುಗನ ಮಾತಿಗೇ ಬಿಟ್ಟೆ.

ಮುಂದಿನ ಬ್ಯಾಚಲ್ಲಿ ಮಷೀನ್ ಅಂಗನವಾಡಿಯ ರೇಷನ್ ರೂಮಿಗೆ ಹೋಯ್ತು. ಬಾಗಿಲಿಗೆ ಹಳೇ ಸೀರೆಯ ಪರದೆ, ನಂಬರ್ ಬಾಯಲ್ಲಿ ಹೇಳೋ ಹಾಗಿಲ್ಲ, ಕಾರ್ಡಲ್ಲಿ ಬರೆದು ಅವರ ಕೈಗೇ ಕೊಡೋದು, ಆಮೇಲೆ ಅಲ್ಲೇ ಅಕ್ಕಿ ಮೂಟೆ ಪಕ್ಕ ಕೂತು ಮಾತು. ಮಾತಾಡೋರೂ ಅದೇ ಬೀದಿಯ ಹೆಂಗಸರೇ, ನಾವು ತರಬೇತಿ ಕೊಟ್ವಿ ಅಷ್ಟೆ. ಎಲ್ಲರದ್ದೂ ಇಳೀತು ಅಂತ ಹೇಳಲ್ಲ. ಆದ್ರೆ ಚಾರ್ಟಲ್ಲಿ ಇಲ್ಲದ್ದೆಲ್ಲಾ ಆ ರೂಮಲ್ಲಿ ಹೊರಗೆ ಬಂತು: ರಾತ್ರಿ ಉಳಿದ ಅನ್ನ ಚೆಲ್ಲೋಕಾಗದೆ ಬೆಳಿಗ್ಗೆ ಅದೇ ಚಿತ್ರಾನ್ನ ಆಗೋದು, ರೋಡಲ್ಲಿ ನಾಯಿ ಗಾಡಿ ಕಾಟಕ್ಕೆ ಓನರ್ ಟೆರೇಸಲ್ಲಿ ಸಿಂಟೆಕ್ಸ್ ಟ್ಯಾಂಕ್ ಸುತ್ತ ನಡೆಯೋದು, ನೀರು ಬಿಡೋ ದಿನ ನಡಿಗೆನೇ ಇಲ್ಲ.

ಮಾಡ್ಯೂಲಲ್ಲಿ ಬದಲಾಯಿಸಲೇಬೇಕಾದ ಅಂಕಿ ಒಂದಿದೆ. ನಮ್ಮೋರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ದಾಟಿದ್ರೇ ತೂಕ ಜಾಸ್ತಿ ಅಂತ, ಸೊಂಟ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90. ಹೊರಗಿನೋರ ಲೆಕ್ಕದ ಹಾಗೆ ಬಿಎಂಐ 25 ಅಂತಲೇ ಬಿಟ್ರೆ ನಿಮಗೆ ಬೇಕಾದ ಎಷ್ಟೋ ಜನ ಹೊರಗೇ ಉಳೀತಾರೆ. 30 ವರ್ಷ ದಾಟಿದವ್ರಿಗೆ ಸರ್ಕಾರದ್ದೇ ಶುಗರ್ ಬಿಪಿ ಸ್ಕ್ರೀನಿಂಗ್ ಇದೆ, ಆಶಾ ಅಕ್ಕಂದಿರು ಮನೆಮನೆಗೆ ಹೋಗಿ ತುಂಬೋ ಫಾರ್ಮಲ್ಲಿ ಸೊಂಟದ ಅಳತೆನೂ ಇರುತ್ತೆ, ಹೊಸದಾಗಿ ಸರ್ವೆ ಮಾಡೋ ಮುಂಚೆ ಅವ್ರ ಹತ್ರ ಕೂತ್ಕೊಳ್ಳಿ.

ಅನುವಾದ ಸಾಕಾ ಅಂತನೂ ಕೇಳಿದ್ದೀರ. ಅನುವಾದ ಕೊನೆಗೆ ಮಾಡಿ. ಮೊದ್ಲು ಮಾಡ್ಯೂಲಿನ ಒಂದೊಂದು ಭಾಗದ ಮುಂದೆನೂ ಇದು ಯಾಕಿದೆ ಅಂತ ಒಂದು ಸಾಲು ಬರೀರಿ, ಬರೆಯೋಕೆ ಆಗದ ಭಾಗಾನ ತೆಗೀಬೇಡಿ, ಗೊತ್ತಿರೋರನ್ನ ಕೇಳಿ. ಲಗ್ಗೆರೆ ಕಡೆನೇ ನಿಮ್ಮ ಏರಿಯಾ ಆಗಿದ್ರೆ ಮೆಸೇಜ್ ಮಾಡಿ, ಆ ಕಾರ್ಡಿನ ನಮೂನೆ ಇನ್ನೂ ನನ್ನ ಹತ್ರ ಇದೆ, ಕಳಿಸ್ತೀನಿ.